ಹಿಂಗಾಲಿಲ್ಲದ ಪೈಪ್ ಕುರ್ಚಿಯನ್ನು ಕಲಬುರಗಿಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಗೇಟು–ಗ್ರಿಲ್ ಮಾಡುವ ತೆಳು ಪೈಪಿನಲ್ಲಿ ಬೇಡ. ಇಂಥ ಕುರ್ಚಿಯನ್ನು 1926ರಲ್ಲಿ ಡಚ್ ವಾಸ್ತುಶಿಲ್ಪಿ ಮಾರ್ಟ್ ಸ್ಟಾಮ್ ಗ್ಯಾಸ್ ಪೈಪಿನ ತುಂಡುಗಳಿಂದ ಜೋಡಿಸಿದ್ದರು. ನೋಡಲು ಸರಳ, ಆದರೆ ಕೂತವರ ಪೂರ್ತಿ ಭಾರ ಮುಂದಿನ ಎರಡು ಬಾಗುಗಳ ಮೇಲೇ ಬೀಳುತ್ತದೆ. 100 ಕೆಜಿಯವರು ಹಿಂದಕ್ಕೆ ಒರಗಿದರೆ 25 ಮಿ.ಮೀ. ಹೊರವ್ಯಾಸದ, 1.6 ಮಿ.ಮೀ. ದಪ್ಪದ ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪೈಪ್ ಬಾಗಿ ಹಾಗೇ ಉಳಿದುಬಿಡುತ್ತದೆ. 32 ಮಿ.ಮೀ. ಪೈಪ್, 2 ಮಿ.ಮೀ. ದಪ್ಪ ಕೇಳಿ.

ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾದರೆ ಬಾಗಿನ ಒಳಬದಿ ಸುಕ್ಕುಗಟ್ಟುತ್ತದೆ, ಮುರಿಯುವುದೂ ಅಲ್ಲಿಂದಲೇ. ಕೈಯಿಂದ ತಿರುಗಿಸುವ ಬೆಂಡರ್‌ನಲ್ಲಿ (ಪೈಪ್ ಬಾಗಿಸುವ ಸಾಧನ) ಬಾಗಿಸುವುದಾದರೆ ಪೂರ್ತಿ ಒಣಗಿದ ಮರಳನ್ನು ಒತ್ತಿ ತುಂಬಬೇಕು. ಬಾಗಿನ ಮೇಲೆ ವೆಲ್ಡಿಂಗ್ ಬೇಡವೇ ಬೇಡ. ಬೆಂಡರ್ ಇಲ್ಲದ ಅಂಗಡಿಯಾದರೆ ಈ ಹಟ ಬಿಟ್ಟು ನಾಲ್ಕು ಕಾಲಿನದನ್ನೇ ಮಾಡಿಸಿ, ಅದಕ್ಕೆ 25 ಮಿ.ಮೀ. ಪೈಪ್ ಧಾರಾಳ ಸಾಕು.

ಆಸನದ ಮುಂಭಾಗ ನೆಲದಿಂದ 450 ಮಿ.ಮೀ., ಆಳ 400, ಹಿಂದಕ್ಕೆ 30 ಮಿ.ಮೀ. ಇಳಿಜಾರು. ಇಳಿಜಾರು ಇಲ್ಲದಿದ್ದರೆ ಕೂತವರು ಮುಂದಕ್ಕೆ ಜಾರುತ್ತಾರೆ. ಆಸನಕ್ಕೆ ತಗಡು ಹಾಕಿಸಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ವರಾಂಡದಲ್ಲಿಟ್ಟರೆ ಕೂರಲಾಗದು. 12 ಮಿ.ಮೀ. ಪ್ಲೈವುಡ್ ಒಳ್ಳೆಯದು. ಅದನ್ನು ಮರದ ಸ್ಕ್ರೂನಿಂದಲ್ಲ, ಎಂ6 (6 ಮಿ.ಮೀ. ದಪ್ಪದ) ಬೋಲ್ಟ್‌ನಿಂದ ಬಿಗಿಸಿ. ಅಲುಗಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ.

ಬೋಲ್ಟ್ ತೂತುಗಳನ್ನು ಪೌಡರ್ ಕೋಟಿಂಗ್‌ಗೆ (ಪುಡಿ ಬಣ್ಣ ಹಚ್ಚಿ ಕಾಯಿಸುವುದು) ಮೊದಲೇ ಕೊರೆಸಿ. ಆಮೇಲೆ ಕೊರೆದರೆ ಅಂಚಿನಿಂದಲೇ ತುಕ್ಕು ಶುರು. ಶಹಾಬಾದ್ ಕಲ್ಲಿನ ನೆಲವಾದರೆ ತಳಕ್ಕೆ ನೈಲಾನ್ ಗುಂಡಿ ಹಾಕಿಸಿ, ಇಲ್ಲವೆಂದರೆ ಬಣ್ಣ ಕಿತ್ತು ಕಲ್ಲಿನ ಮೇಲೆ ಗೀರು ಬೀಳುತ್ತದೆ.