ಹಾಸ್ಟೆಲ್‌ನಲ್ಲಿದ್ದುಕೊಂಡು ಫೋನಿನಲ್ಲೇ ಮನಸ್ಸಿಗೆ ಚಿಕಿತ್ಸೆ ಪಡೆಯಬಹುದೇ?

ರಾಯಚೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು ಮೂರು ಮಾತು ಕೇಳಿದ್ದೀರಿ: ಆತಂಕ, ಖಿನ್ನತೆಗೆ ಆನ್‌ಲೈನ್ ಥೆರಪಿ ನಿಜಕ್ಕೂ ಫಲ ಕೊಡುತ್ತದೆಯೇ, ನಾಲ್ವರಿರುವ ಕೋಣೆಯಲ್ಲಿ ಕುಳಿತು ಮಾತನಾಡುವುದು ಹೇಗೆ, ಮನೆಯವರಿಗೆ ತಿಳಿದುಬಿಡುತ್ತದೆಯೇ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವಾಗ ಈ ಮೂರನ್ನೂ ಎದೆಯಲ್ಲಿಟ್ಟುಕೊಂಡು ತಿರುಗಿದವಳು ನಾನು. ಫಲ ಕೊಡುತ್ತದೆ. ನನಗೆ ಮೊದಲ ಪ್ರಯತ್ನದಲ್ಲಿ ಕೊಡಲಿಲ್ಲ, ಎರಡನೆಯದರಲ್ಲಿ ಕೊಟ್ಟಿತು.

ಮೂರನೇ ಸೆಮಿಸ್ಟರ್‌ನಲ್ಲಿ ಸೆಮಿನಾರ್ ಕೊಡಲು ನಿಂತಾಗ ಎದೆ ಹೊಡೆದುಕೊಂಡು, ಕೈ ಬೆವರಿ, ಮಾತೇ ಹೊರಡದೆ ಕುಳಿತುಬಿಟ್ಟೆ. ಅಲ್ಲಿಂದ ತರಗತಿಗೆ ಹೋಗುವುದೇ ನಿಂತಿತು. ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಮೆಸ್ಸಿನ ಊಟ ಸೇರುತ್ತಿರಲಿಲ್ಲ. ಊರಿಂದ ಬಂದ ಅವ್ವ ದೃಷ್ಟಿ ತಾಗಿದೆಯೆಂದು ತಾಯಿತ ಕಟ್ಟಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮಗಳಿಗೆ ಏನೋ ಆಗಿದೆಯೆಂದು ಮೊದಲು ಗುರುತಿಸಿದವಳು ಅವಳೇ.

ಮೊಬೈಲ್‌ನಲ್ಲಿ ಹುಡುಕಿ ದೊಡ್ಡ ನಗರದ ಸಂಸ್ಥೆಯೊಂದಕ್ಕೆ ಹಣ ಕಟ್ಟಿದೆ. ಒಂದು ಸಲ ಮಾತನಾಡಲು ಕೊಟ್ಟ ದುಡ್ಡು ನನ್ನ ಅರ್ಧ ತಿಂಗಳ ಮೆಸ್ ಬಿಲ್ಲಿಗೆ ಸಮ. ಆ ಕಡೆ ಇದ್ದವರು ಒಳ್ಳೆಯವರೇ, ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ಒಳಗೆ ಆಗುತ್ತಿದ್ದುದನ್ನು ತಲೆಯಲ್ಲೇ ಅನುವಾದಿಸಿ, ವ್ಯಾಕರಣ ಸರಿಪಡಿಸಿಕೊಂಡು ಹೇಳುವಷ್ಟರಲ್ಲಿ ಆ ನೋವು ಬೇರೆ ಯಾರದೋ ಎನಿಸುತ್ತಿತ್ತು. ಎರಡು ಸಲಕ್ಕೇ ಬಿಟ್ಟೆ. ಇದೂ ನನ್ನಿಂದಾಗಲಿಲ್ಲ ಎಂಬ ಹೊಸ ಭಾರ ಸೇರಿಕೊಂಡಿತು.

ಕೊನೆಗೆ ಗೆಳತಿಯೊಬ್ಬಳು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ದಳು. ಅವರು ಮಾತ್ರೆ ಬರೆದುಕೊಟ್ಟು, ಮಾತಿನ ಮೂಲಕ ಚಿಕಿತ್ಸೆ ಕೊಡುವ, ಕನ್ನಡ ಮಾತನಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಸೂಚಿಸಿದರು. ಆ ಮೇಡಂ ಇದ್ದದ್ದು ಬೆಂಗಳೂರಿನಲ್ಲಿ. ವಾರಕ್ಕೊಮ್ಮೆ ಫೋನಿನಲ್ಲೇ ಭೇಟಿ. ಮೊದಲ ದಿನ ಬಾಯಿಗೆ ಬಂದದ್ದು ‘ಸಾಕಾಗಿದೆ ಮೇಡಂ’ ಎಂಬ ಒಂದೇ ಮಾತು. ‘ಓದು ಸಾಕಾಗಿದೆಯೋ, ಬದುಕೇ ಸಾಕಾಗಿದೆಯೋ?’ ಎಂದು ನೇರವಾಗಿ ಕೇಳಿದರು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗೆ ಇದ್ದದ್ದು ಹೊರಬರುತ್ತದೆ. ನಾನು ಅತ್ತುಬಿಟ್ಟೆ. ಅವರು ಆತುರಪಡದೆ ಕಾದರು. ಹಾಗಾಗಿ ವಿಡಿಯೊ ಬೇಕೋ ಧ್ವನಿ ಸಾಕೋ ಎಂಬ ಚಿಂತೆಯನ್ನು ಬದಿಗಿಟ್ಟು, ನಿಮ್ಮ ‘ಸಾಕಾಗಿದೆ’ ಅರ್ಥವಾಗುವವರನ್ನು ಮೊದಲು ಹುಡುಕಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇದೆಯೇ ಎಂದು ಕೇಳಿ. ಕೇಳುವುದು ಅಗೌರವವಲ್ಲ.

ನನಗೆ ಮಾಡಿಸಿದ್ದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಗಂಟು ಬಿಡಿಸುವ ಚಿಕಿತ್ಸೆ. ‘ಸೆಮಿನಾರಿನಲ್ಲಿ ತೊದಲಿದರೆ ಎಲ್ಲರೂ ನನ್ನನ್ನು ದಡ್ಡಿ ಎನ್ನುತ್ತಾರೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಪಕ್ಕದಲ್ಲಿ ಅದಕ್ಕೆ ಇರುವ ಆಧಾರ, ಇಲ್ಲದ ಆಧಾರ ಬರೆಯುವುದು. ಮನಸ್ಸು ಬರಲಿ ಎಂದು ಕಾಯದೆ ಚಿಕ್ಕ ಕೆಲಸ ಮಾಡುವುದು: ಒಂದು ಬಕೆಟ್ ಬಟ್ಟೆ ಒಗೆಯುವುದು, ಸಂಜೆ ಗೆಳತಿಯರ ಜೊತೆ ಒಗ್ಗರಣೆ ಮಿರ್ಚಿ ತಿನ್ನಲು ಹೋಗುವುದು. ಸೆಮಿನಾರನ್ನು ಮೊದಲು ಗೋಡೆಗೆ, ಆಮೇಲೆ ಒಬ್ಬಳಿಗೆ, ಆಮೇಲೆ ನಾಲ್ವರಿಗೆ ಹೇಳಿದೆ. ಸೌಮ್ಯ ಅಥವಾ ಮಧ್ಯಮ ಮಟ್ಟದ ಆತಂಕ, ಖಿನ್ನತೆಗೆ ಆನ್‌ಲೈನ್ ಸಿಬಿಟಿ ನೆರವಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಆ್ಯಪ್ ಒಂದನ್ನೇ ನೆಚ್ಚಿಕೊಂಡವರು ನಡುವೆಯೇ ಬಿಡುವುದು ಹೆಚ್ಚು. ಜೊತೆಗೊಬ್ಬರು ಇದ್ದು ನಡೆಸಿದರೆ ಫಲ ಹೆಚ್ಚು. ಮಾತ್ರೆ ಕೊಟ್ಟರೆ ಹೆದರಬೇಡಿ. ಅದು ಹಿಡಿಯಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಜಾಗದ ಮಾತು. ಬಳ್ಳಾರಿಯ ಬಿಸಿಲಿನಲ್ಲಿ ಹಗಲು ಹಾಸ್ಟೆಲ್ ಮಹಡಿಗೆ ಕಾಲಿಡುವಂತಿರಲಿಲ್ಲ. ನಿಮ್ಮ ರಾಯಚೂರೂ ಹಾಗೆಯೇ. ಬೆಳಿಗ್ಗೆ ಆರೂವರೆಯ ಸಮಯ ಕೇಳಿ ಪಡೆದೆ. ಇಯರ್‌ಫೋನ್ ಹಾಕಿಕೊಂಡು ಕ್ಯಾಂಪಸ್ಸಿನ ಬೇವಿನ ಮರಗಳ ಕೆಳಗೆ ನಡೆಯುತ್ತ ಮಾತನಾಡುತ್ತಿದ್ದೆ. ಧ್ವನಿ ಕರೆಗೆ ನೆಟ್‌ವರ್ಕ್ ಸಾಕು, ಮುಖ ತೋರಿಸುವ ಮುಜುಗರವೂ ಇಲ್ಲ. ಯಾರಾದರೂ ಹತ್ತಿರ ಬಂದರೆ ‘ನೋಟ್ಸ್ ಆಮೇಲೆ ಕಳಿಸುತ್ತೇನೆ’ ಎನ್ನುತ್ತಿದ್ದೆ; ಅದು ನಮ್ಮಿಬ್ಬರ ಸಂಕೇತ, ಮೇಡಂ ಸುಮ್ಮನಾಗುತ್ತಿದ್ದರು.

ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಪ್ರಾಣಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ ಇದೆ. ಯಾವಾಗ, ಯಾರಿಗೆ ತಿಳಿಸುತ್ತಾರೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ನನ್ನ ಗುಟ್ಟು ಬಯಲಾದದ್ದು ಬೇರೆ ದಾರಿಯಿಂದ: ಬ್ಯಾಂಕ್ ಖಾತೆಗೆ ಜೋಡಿಸಿದ್ದ ಸಂಖ್ಯೆ ಅಪ್ಪನದು, ಹಣ ಕಡಿತವಾದ ಸಂದೇಶ ಅವರಿಗೇ ಹೋಯಿತು. ನಿಮ್ಮ ಖಾತೆಯನ್ನು ಒಮ್ಮೆ ನೋಡಿಕೊಳ್ಳಿ.

ದುಡ್ಡಿಲ್ಲದಿದ್ದರೂ ದಾರಿ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶಿ ಕೇಂದ್ರ. ಅದೇ ನಿಮ್ಹಾನ್ಸ್ 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಊರ ಹತ್ತಿರವೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ದೇಶ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮಾದರಿಯಾದದ್ದು ಅದೇ. ಇದು ತಿಳಿದ ದಿನ ನನ್ನ ನಾಚಿಕೆ ಅರ್ಧ ಇಳಿಯಿತು. ನಿಮ್ಮ ವಿಭಾಗದ ಮುಖ್ಯಸ್ಥರನ್ನೂ ಕೇಳಿ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಲೇಬೇಕು. ಇವತ್ತೇ ಜೀವ ಕಳೆದುಕೊಳ್ಳುವ ಯೋಚನೆ ಬಲವಾದರೆ, ದಿನಗಟ್ಟಲೆ ಊಟ ನಿದ್ದೆ ಇಲ್ಲವಾದರೆ, ಯಾರೂ ಇಲ್ಲದಾಗ ದನಿಗಳು ಕೇಳಿಸಿದರೆ ಮುಂದಿನ ವಾರದ ಕರೆಗೆ ಕಾಯಬೇಡಿ. ಕೋಣೆಯವರನ್ನು ಎಬ್ಬಿಸಿ, ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ, ಒಂಟಿಯಾಗಿರಬೇಡಿ.

ಹಾಗೇನೂ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ನಡೆಯಲು ಹೋದಾಗ 14416ಕ್ಕೆ ಕರೆ ಮಾಡಿ. ಏನು ಹೇಳಬೇಕೆಂದು ತೋಚದಿದ್ದರೆ, ಇಲ್ಲಿ ನಮಗೆ ಬರೆದ ಪ್ರಶ್ನೆಯನ್ನೇ ಅವರಿಗೆ ಓದಿ ಹೇಳಿ.