ಐವರಾಗಿ ಆಡುತ್ತಿದ್ದ ಒಬ್ಬ

(ಹೆಸರು, ಊರು, ಉದ್ಯೋಗದ ವಿವರ ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಸಲಹೆಗೆಂದು ಗಂಡನನ್ನು ನನ್ನ ಬಳಿ ಕರೆತಂದವರು ಪತ್ನಿ. ಕುರ್ಚಿ ಎಳೆದುಕೊಳ್ಳುವ ಮೊದಲೇ ದೂರು ಶುರುವಾಯಿತು. "ಮಗು ಅತ್ತರೆ ನಾನು ನಿದ್ದೆಗಣ್ಣಲ್ಲಿ ಏಳಬೇಕು ಮೇಡಂ. ಇವರು ಎಚ್ಚರವಾಗಿಯೇ ಇರುತ್ತಾರೆ, ಆದರೆ ಎರಡು ಕೈಯಲ್ಲಿ ಎರಡು ಮೊಬೈಲ್!" ಮನೆಯಲ್ಲಿ ಎಂಟು ತಿಂಗಳ ಕೂಸು. ಗಂಡನನ್ನು ರಘು ಎನ್ನೋಣ. ವಯಸ್ಸು ಮೂವತ್ತೊಂದು, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಅಡಿಕೆ ವ್ಯವಹಾರದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ.

ಆಡುತ್ತಿದ್ದದ್ದು ಕ್ಲ್ಯಾಶ್ ಆಫ್ ಕ್ಲ್ಯಾನ್ಸ್. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಹೊರತಂದ ಆಟ. ಪ್ರತಿಯೊಬ್ಬರಿಗೂ ಒಂದೊಂದು ಹಳ್ಳಿ, ಹಲವು ಹಳ್ಳಿಗಳು ಸೇರಿ ಒಂದು ಕ್ಲ್ಯಾನ್, ಅಂದರೆ ಗುಂಪು, ಒಂದು ಕ್ಲ್ಯಾನ್‌ಗೆ ಹೆಚ್ಚೆಂದರೆ ಐವತ್ತು ಮಂದಿ. "ಆನ್‌ಲೈನ್ ಆಟವನ್ನು ಸರ್ಕಾರವೇ ನಿಷೇಧಿಸಿದೆಯಂತೆ, ಇವರು ಹೇಗೆ ಆಡುತ್ತಾರೆ ಎಂದು ನಮ್ಮ ಅಪ್ಪ ಕೇಳುತ್ತಾರೆ" ಎಂದರು ಆಕೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಆಡುವ ಆಟಗಳನ್ನು, ಇದು ಆ ಪೈಕಿ ಅಲ್ಲ ಎಂದು ಹೇಳಿದೆ. ಆಕೆಯ ಮುಖ ನೋಡಿದರೆ, ಇದನ್ನೂ ನಿಷೇಧಿಸಿದ್ದರೆ ಚೆನ್ನಾಗಿತ್ತು ಎನ್ನುವಂತಿತ್ತು.

ಇಂಥ ದೂರು ಬಂದಾಗ ಮೊದಲು ನೋಡಬೇಕಾದದ್ದು ವ್ಯಸನವೇ ಅಲ್ಲವೇ ಎಂಬುದನ್ನು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಆಟದ ವ್ಯಸನಕ್ಕೆ ಈಗ ಜಾಗವಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಕೈಮೀರಿ ಆಡುವುದು, ಉಳಿದ ಬದುಕನ್ನೆಲ್ಲ ಆಟ ಹಿಂದಕ್ಕೆ ತಳ್ಳುವುದು, ಹಾನಿಯಾಗುತ್ತಿದೆ ಎಂದು ತಿಳಿದರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಇವು ಹನ್ನೆರಡು ತಿಂಗಳು ಕಾಣಿಸಿಕೊಂಡಿರಬೇಕು. ಹಾಗಿದ್ದಿದ್ದರೆ ಮೊಬೈಲ್, ಇಂಟರ್ನೆಟ್‌ಗಳ ಅತಿಬಳಕೆಗೆ ಚಿಕಿತ್ಸೆ ಕೊಡುವ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಶಟ್ ಕ್ಲಿನಿಕ್‌ಗೆ ಚೀಟಿ ಬರೆದುಕೊಡುತ್ತಿದ್ದೆ. ರಘು ಕೆಲಸಕ್ಕೆ ತಪ್ಪಿಸಿದವರಲ್ಲ, ಆಟಕ್ಕೆ ಹಣ ಸುರಿದವರಲ್ಲ, ಮಗುವಿನ ಲಸಿಕೆಯ ದಿನಗಳು ಬಾಯಿಪಾಠ. ವಾರ್, ಅಂದರೆ ಇನ್ನೊಂದು ಕ್ಲ್ಯಾನ್ ಜೊತೆ ಕಾಳಗ, ಇದ್ದ ದಿನ ಮಾತ್ರ ಮಲಗುವುದು ರಾತ್ರಿ ಹನ್ನೆರಡೂವರೆಗೆ.

"ಆಡುವಾಗ ಖುಷಿಯಾಗುತ್ತದೆಯೇ?" ಎಂದು ಕೇಳಿದೆ.

ತುಸು ಯೋಚಿಸಿ, "ಮುಗಿಸಿದಾಗ ನಿರಾಳವಾಗುತ್ತದೆ" ಎಂದರು.

ವ್ಯಸನಿಯ ಬಾಯಲ್ಲಿ ಈ ಉತ್ತರವನ್ನು ನಾನು ಕೇಳಿದ್ದು ಕಡಿಮೆ. ದೇವರ ಪೂಜೆಯ ಪಾಳಿ ಬಂದವರು ಹೀಗೆ ಮಾತನಾಡುತ್ತಾರೆ.

ರಘುವಿನ ಕ್ಲ್ಯಾನ್ ಹುಟ್ಟಿದ್ದು 2014ರಲ್ಲಿ, ದಾವಣಗೆರೆಯ ಒಂದು ಹಾಸ್ಟೆಲ್‌ನಲ್ಲಿ. ಆ ವರ್ಷವೇ ಆಟಕ್ಕೆ ಕ್ಲ್ಯಾನ್ ವಾರ್ ಬಂದಿತ್ತು. ಐವತ್ತೂ ಜಾಗ ಭರ್ತಿ, ಹೊರಗೆ ಸರತಿ. ಪಾಲಿನ ಎರಡು ದಾಳಿ ಮಾಡದೆ ಮಲಗಿದವನನ್ನು ಬೆಳಿಗ್ಗೆ ಮೆಸ್‌ನಲ್ಲಿ ಇಡ್ಲಿ ತಟ್ಟೆಯ ಮುಂದೆಯೇ ವಿಚಾರಣೆ ಮಾಡುತ್ತಿದ್ದರಂತೆ. ಆಗ ಒಂದು ಸೈನ್ಯ ತಯಾರಾಗಲು ಹೊತ್ತು ಹಿಡಿಯುತ್ತಿತ್ತು. ಕಾಯಬೇಕು, ಇಲ್ಲವೇ ಪಕ್ಕದವನಲ್ಲಿ ಟ್ರೂಪ್ಸ್, ಅಂದರೆ ಸೈನಿಕರನ್ನು, ಬೇಡಬೇಕು. "ಕಾಯುವಾಗಲೇ ಹರಟೆ ಮೇಡಂ. ಪರೀಕ್ಷೆ, ಹುಡುಗಿ, ಮನೆಯ ಸಾಲ, ಎಲ್ಲವೂ ಅಲ್ಲೇ." 2025ರ ಮಾರ್ಚ್‌ನಲ್ಲಿ ಆ ಕಾಯುವಿಕೆಯನ್ನು ಆಟದಿಂದ ಪೂರ್ತಿ ತೆಗೆದುಹಾಕಿದರು. ಆಡುವವರಿಗೆ ಅನುಕೂಲವೇ. ಆದರೆ ಬಸ್ಸು ತಡವಾಗದ ನಿಲ್ದಾಣದಲ್ಲಿ ಯಾರು ಯಾರ ಜೊತೆ ಮಾತನಾಡುತ್ತಾರೆ? ಈ ಸಂಗತಿ ರಘು ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಓದು ಮುಗಿದು ಒಬ್ಬೊಬ್ಬರೇ ಬೆಂಗಳೂರಿಗೆ, ಹೊರದೇಶಕ್ಕೆ ಹೋದರು. 2017ರಲ್ಲಿ ಲೀಡರ್ ಕೆನಡಾಕ್ಕೆ ಹೊರಟಾಗ ನಾಯಕತ್ವವನ್ನು ರಘುವಿಗೆ ವರ್ಗಾಯಿಸಿ ಒಂದೇ ಮಾತು ಬರೆದ: "ನೋಡಿಕೋ." ಮರುವರ್ಷ ಬಂದ ಪಬ್‌ಜಿ ಮೊಬೈಲ್ ಅರ್ಧದಷ್ಟು ಜನರನ್ನು ಎಳೆದುಕೊಂಡಿತು. 2020ರ ಸೆಪ್ಟೆಂಬರ್‌ನಲ್ಲಿ ಅದು ನಿಷೇಧವಾದಾಗ, ಹೇಗೂ ಎಲ್ಲರೂ ಮನೆಯಲ್ಲಿದ್ದ ಕಾಲ, ಹದಿನೆಂಟು ಮಂದಿ ಮರಳಿ ಬಂದರಂತೆ. ಆ ಆರು ತಿಂಗಳನ್ನು ರಘು ವರ್ಣಿಸಿದ ರೀತಿ ನೋಡಿದರೆ ಅವರ ಮದುವೆಯ ವರ್ಣನೆಯೂ ಅಷ್ಟು ಸೊಗಸಾಗಿರಲಿಲ್ಲ. (ಪತ್ನಿಯೂ ಇದನ್ನು ಗಮನಿಸಿದರು.) ಆಮೇಲೆ ಮತ್ತೆ ಖಾಲಿ.

ವಾರ್ ಹೂಡಲು ಕನಿಷ್ಠ ಐವರು ಬೇಕು. ಐವರು ಉಳಿದಿರಲಿಲ್ಲ. ಹಾಗಾಗಿ ರಘು ತಾವೇ ಐದು ಖಾತೆ ಮಾಡಿಕೊಂಡು ಎರಡು ಮೊಬೈಲ್‌ಗಳಲ್ಲಿ ಐವರಾಗಿ ಆಡುತ್ತಿದ್ದರು. ಒಂದು ಖಾತೆಗೆ ಎರಡು ದಾಳಿ, ಒಟ್ಟು ಹತ್ತು, ಒಂದೊಂದಕ್ಕೆ ಮೂರು ನಿಮಿಷ. ಜೊತೆಗೆ ಎದುರಾಳಿಯ ಊರು ನೋಡಿ ಲೆಕ್ಕ ಹಾಕುವ ಹೊತ್ತು. ಎರಡು ವರ್ಷದಿಂದ ಇದೇ ನಡೆದಿತ್ತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. "ಹಾಗಾದರೆ ಆ ಗುಂಪು ಮುಗಿದುಹೋಗಿದೆಯಲ್ಲವೇ?" ಎಂದುಬಿಟ್ಟೆ. "ಇಲ್ಲ ಮೇಡಂ, ಸದ್ಯಕ್ಕೆ ಸ್ವಲ್ಪ ನಿಧಾನವಾಗಿದೆ" ಎಂದು ಎದ್ದು ಹೋದವರು ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ನಾಪತ್ತೆಯಾದ ಸೈನಿಕರ ಮನೆಯವರನ್ನು ಅಧ್ಯಯನ ಮಾಡಿ, ಹೋದರೋ ಇದ್ದಾರೋ ತಿಳಿಯದ ನಷ್ಟಕ್ಕೆ 'ಆಂಬಿಗ್ಯುಯಸ್ ಲಾಸ್' (ಅಸ್ಪಷ್ಟ ನಷ್ಟ) ಎಂದು ಬೇರೆಯೇ ಹೆಸರಿಟ್ಟರು. ಇದ್ದಾರೆ ಎನ್ನಲು ಗುರುತಿಲ್ಲ, ಹೋದರು ಎನ್ನಲು ಸೂತಕವಿಲ್ಲ. ಮೊಬೈಲ್ ಆಟಕ್ಕೆ ಅದನ್ನು ಹೋಲಿಸುವುದು ಅತಿಯಾದೀತು, ನನಗೂ ಸಂಕೋಚವಿದೆ. ಆದರೆ ಇಂಥ ನಷ್ಟದಲ್ಲಿರುವವರ ಮುಂದೆ ಹೊರಗಿನವರು 'ಮುಗಿಯಿತು' ಎಂಬ ಷರಾ ಬರೆಯಬಾರದು ಎಂಬ ಪಾಠವನ್ನಾದರೂ ನಾನು ಅಂದು ನೆನಪಿಟ್ಟುಕೊಳ್ಳಬೇಕಿತ್ತು.

ಮೂರನೆಯ ವಾರ ಬಂದರು, ಒಬ್ಬರೇ. ಈ ಸಲ ನಾನು ಏನನ್ನೂ ಹೇಳದೆ, "ನಿಮ್ಮ ಕ್ಲ್ಯಾನ್ ತೋರಿಸಿ" ಎಂದೆ. ಹಳೆಯ ಮೊಬೈಲ್ ತೆಗೆದರು. ಗಾಜಿನ ಒಂದು ಮೂಲೆ ಒಡೆದು ಅದರ ಮೇಲೆ ಸೆಲ್ಲೋಟೇಪ್ ಅಂಟಿಸಿತ್ತು. ಸದಸ್ಯರ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ: ಈ ಅವಧಿಯಲ್ಲಿ ಎಷ್ಟು ಟ್ರೂಪ್ಸ್ ಕೊಟ್ಟರು, ಎಷ್ಟು ಪಡೆದರು. ಲೆಕ್ಕ ಬರೆಯುವವರಿಗೆ ಇದಕ್ಕಿಂತ ಸ್ಪಷ್ಟವಾದ ಖಾತೆ ಪುಸ್ತಕ ಬೇಕೇ? ಹತ್ತೊಂಬತ್ತು ಹೆಸರು. ನಾವಿಬ್ಬರೂ ಮೇಲಿನಿಂದ ಓದುತ್ತಾ ಬಂದೆವು. ಐದು ಖಾತೆಗಳಲ್ಲಿ ಅಂಕಿಗಳಿದ್ದವು, ಐದೂ ಅವರವೇ. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ. ಉಳಿದದ್ದೆಲ್ಲ ಸೊನ್ನೆ, ಸೊನ್ನೆ. ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಮಾತ್ರ, ಕೊಟ್ಟದ್ದು 12, ಪಡೆದದ್ದು 340.

"ಇವರು ಯಾರು?"

"ಯಾರೋ ಹುಡುಗ ಮೇಡಂ. ಹುಡುಕಿಕೊಂಡು ಬಂದು ಸೇರಿದ್ದಾನೆ. ಬೀದರ್ ಕಡೆಯವನಂತೆ. ದಿನಾ ಕೇಳುತ್ತಾನೆ, ಕೊಡುತ್ತೇನೆ."

"ಎಷ್ಟು ದಿನದಿಂದ?"

"ನಾಲ್ಕು ತಿಂಗಳಿರಬಹುದು."

"ಯಾರೂ ಉಳಿದಿಲ್ಲ ಎಂದಿರಿ."

"ಅವನು ನಮ್ಮವನಲ್ಲವಲ್ಲ" ಎಂದವರು ತಮ್ಮ ಮಾತಿಗೆ ತಾವೇ ತಡೆದು ನಿಂತರು. ಆ ಗಂಟೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಆಮೇಲೆ ಬಾಯಿ ಮುಚ್ಚಿಕೊಂಡು ಕುಳಿತದ್ದು.

ಕೊಟ್ಟ ಸಲಹೆ ಇಷ್ಟು. ಆಟ ಬಿಡಬೇಡಿ. ನಿಮ್ಮ ಐದು ಖಾತೆಗಳಲ್ಲಿ ನಾಲ್ಕನ್ನು ಮಾತ್ರ ಒಂದು ತಿಂಗಳು ಮುಟ್ಟಬೇಡಿ. ವಾರ್ ನಡೆಯದಿದ್ದರೆ ನಡೆಯದಿರಲಿ, ನೀವು ಉಸಿರು ಊದುವುದನ್ನು ನಿಲ್ಲಿಸಿದ ಮೇಲೆ ಅಲ್ಲಿ ಏನು ಉಳಿಯುತ್ತದೆ ಎಂದು ನೋಡಿ. ಎರಡನೆಯದು, ಹಳೆಯ ಗೆಳೆಯರನ್ನು ಕ್ಲ್ಯಾನ್‌ಗೆ ಕರೆಯುವುದನ್ನು ನಿಲ್ಲಿಸಿ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ, ಆಟದ ಸುದ್ದಿ ಎತ್ತದೆ, ಹೇಗಿದ್ದೀಯ ಎಂದು ಬರೆಯಿರಿ. ಗುಂಪಿಗೆ ಹಾಕಿದ ಸಂದೇಶಕ್ಕೆ ಉತ್ತರ ಕೊಡುವ ಹೊಣೆ ಯಾರದ್ದೂ ಅಲ್ಲ. ಮೂರನೆಯದು ಆ ಹುಡುಗನ ಬಗ್ಗೆ. ಮಾತನಾಡಿಸಿ, ಆದರೆ ಅವನು ಅಪ್ರಾಪ್ತನಿರಬಹುದು. ಫೋನ್ ನಂಬರು ಕೇಳುವುದು, ಕೊಡುವುದು ಬೇಡ, ಮಾತೆಲ್ಲ ಕ್ಲ್ಯಾನ್‌ನ ಎಲ್ಲರೆದುರೇ ಇರಲಿ. ಪತ್ನಿಗೆ ಹೇಳಿದ್ದು ಬೇರೆ: ಹಗಲು ಏನಾಯಿತೆಂದು ಗಂಡನನ್ನು ಕೇಳುವಂತೆ ಕ್ಲ್ಯಾನ್ ಏನಾಯಿತೆಂದೂ ವಾರಕ್ಕೊಮ್ಮೆ ಕೇಳಿ. ಆಕೆ ಒಪ್ಪಿದ್ದು ಅರೆಮನಸ್ಸಿನಿಂದ. ರಾತ್ರಿ ಹನ್ನೊಂದರ ನಂತರ ಅತ್ತ ಮಗು ರಘುವಿನ ಪಾಲಿಗೆ ಎಂಬ ಷರತ್ತನ್ನು ಮಾತ್ರ ಪೂರ್ಣ ಮನಸ್ಸಿನಿಂದ ಸೇರಿಸಿದರು.

ಮೊದಲ ಹತ್ತು ದಿನ ಕಷ್ಟವಾಯಿತಂತೆ. ಹನ್ನೊಂದಕ್ಕೆ ಕೈ ತಾನಾಗಿಯೇ ಚಾರ್ಜರ್ ಹತ್ತಿರ ಹೋಗುತ್ತಿತ್ತು. ಗೆಳೆಯರಲ್ಲಿ ಒಂಬತ್ತು ಮಂದಿಗೆ ಬರೆದರು, ನಾಲ್ವರು ಉತ್ತರಿಸಿದರು. ಹೊಸೂರಿನಲ್ಲಿರುವ ಒಬ್ಬರು ಫೋನ್ ಮಾಡಿ ಮುಕ್ಕಾಲು ಗಂಟೆ ಮಾತನಾಡಿ, ಕೆಲಸ ಹೋಗಿರುವ ಸುದ್ದಿ ಹೇಳಿದರು. ಕ್ಲ್ಯಾನ್ ಇನ್ನೂ ಇದೆಯೇ ಎಂದು ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ. ರಘುವಿಗೆ ಇದು ನೋವಾಯಿತು, ನಾನು ಅದನ್ನು ಸವರಿ ಸರಿಮಾಡಲು ಹೋಗಲಿಲ್ಲ. ಕೆನಡಾದವರು ಇಂದಿಗೂ ಉತ್ತರಿಸಿಲ್ಲ. 'ನೋಡಿಕೋ' ಎಂದದ್ದು ಅವರಿಗೆ ನೆನಪಿರುವ ಸಾಧ್ಯತೆ ಕಡಿಮೆ ಎಂದು ರಘುವೇ ಒಂದು ದಿನ ನಗುತ್ತಾ ಹೇಳಿದರು.

ಇಪ್ಪತ್ತೆರಡನೆಯ ದಿನ ಬೀದರಿನ ಹುಡುಗ ಕ್ಲ್ಯಾನ್‌ನಲ್ಲಿ ಬರೆದ, "ಅಣ್ಣಾ, ವಾರ್ ಇಲ್ಲವಾ?" ಜನ ಇಲ್ಲ ಎಂದು ರಘು ಉತ್ತರಿಸಿದರು. ನಾಲ್ಕು ತಿಂಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು ಅದು. ಹುಡುಗ ತನ್ನ ಜೊತೆಗಾರರು ಮೂವರನ್ನು ಕರೆತಂದ. ಅವರ ದಾಳಿಗಳು ತೀರಾ ಕಳಪೆಯಂತೆ. ಈ ಮಾತು ಹೇಳುವಾಗ ರಘುವಿನ ಧ್ವನಿಯಲ್ಲಿ ಹಾಸ್ಟೆಲ್ಲಿನ ಮೆಸ್ ಕೇಳಿಸಿತು.

ಕೊನೆಯ ಭೇಟಿಗೆ ಇಬ್ಬರೂ ಬಂದಿದ್ದರು, ಮಗುವೂ ಇತ್ತು. ಪಟ್ಟಿಯಲ್ಲಿ ಈಗ ರಘುವಿನದು ಒಂದೇ ಖಾತೆ. ಹಳಬರ ಸುಮ್ಮನೆ ಬಿದ್ದಿದ್ದ ಖಾತೆಗಳಲ್ಲಿ ಎಂಟನ್ನು ತೆಗೆದಿದ್ದಾರೆ, ಐದನ್ನು ಬಿಟ್ಟಿದ್ದಾರೆ. ಏಕೆ ಎಂದು ಕೇಳಿದರೆ "ಇರಲಿ ಮೇಡಂ" ಎಂದರು, ನಾನೂ ಇರಲಿ ಎಂದೆ. ನಿಜವಾಗಿ ಆಡುವವರು ಒಂಬತ್ತು ಮಂದಿ. ಇನ್ನೊಬ್ಬರು ಸಿಕ್ಕಿದರೆ ಹತ್ತು ಮಂದಿಯ ವಾರ್ ಹೂಡಬಹುದು ಎಂದು ವಿವರಿಸುತ್ತಿದ್ದಾಗ ಪತ್ನಿ ಮಗುವಿನ ಕೈಯಿಂದ ಮೊಬೈಲ್ ಬಿಡಿಸಿಕೊಳ್ಳುತ್ತಾ, "ಹತ್ತನೆಯವಳು ನಾನು ಎಂದು ಮಾತ್ರ ಬರೆದುಕೊಳ್ಳಬೇಡಿ" ಎಂದರು.