"ಅಪ್ಪಂಗೆ ಹೇಳು": ಒಂಬತ್ತು ವರ್ಷದ ಹುಡುಗಿಯ ಬೆಳಗಿನ ಹೊಟ್ಟೆನೋವು

ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುವ ನನಗೆ ಫೋನ್ ಮಾಡಿದ್ದು ತಾಯಿ. "ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಮೇಡಂ. ನಾಲ್ಕು ತಿಂಗಳಾಯ್ತು. ಸ್ಕೂಲಿಗೆ ಹೊರಡೋ ಹೊತ್ತಿಗೆ ಶುರು. ರಜಾ ದಿನ ಇರಲ್ಲ. ಡಾಕ್ಟರ್ ಎಲ್ಲ ಟೆಸ್ಟ್ ಮಾಡಿಸಿ ಏನೂ ಇಲ್ಲ ಅಂದ್ರು. ನಮ್ಮನೆಯವರು ನಾಟಕ ಅಂತಾರೆ. ನೀವೇ ಒಂದ್ಸಲ ಅವಳ ಹತ್ರ ಮಾತಾಡಿ."

ಮಗಳ ಜೊತೆ ನೀವಿಬ್ಬರೂ ಬನ್ನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವಳು ಕರೆದ್ರೆ ಬರ್ತಾರೆ" ಅಂದರು. ಅವಳು ಅಂದರೆ ಮಗಳು. ಗಂಡನನ್ನು ಕರೆಯೋಕೆ ಮಗಳು ಬೇಕು. ಆ ಒಂದು ಮಾತನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಗುರುತು ಸಿಗುವಂಥ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯೋಣ.

ಮೂವರೂ ಬಂದರು. ಸಾಲಾಗಿ ನಾಲ್ಕು ಕುರ್ಚಿ ಇತ್ತು. ಪುಟ್ಟಿ ಸೀದಾ ಅಪ್ಪ ಅಮ್ಮನ ನಡುವೆ ಕೂತಳು. ಮಡಿಲಲ್ಲಿ ಸಣ್ಣ ಬ್ಯಾಗು, ಅದರ ಜಿಪ್ಪನ್ನು ಎಳೆಯುವುದು, ಮುಚ್ಚುವುದು. ತಂದೆಯ ಕಣ್ಣು ಫೋನಿನ ಮೇಲಿತ್ತು. ತಾಯಿ ಮಗಳ ಕಡೆ ತಿರುಗಿ, "ನಿಮ್ಮಪ್ಪಂಗೆ ಹೇಳು, ಇಲ್ಲಾದ್ರೂ ಫೋನ್ ಪಕ್ಕಕ್ಕಿಡಲಿ" ಅಂದರು. ಪುಟ್ಟಿ ಏನೂ ಹೇಳಲಿಲ್ಲ. ಕೈ ಚಾಚಿ ಅಪ್ಪನ ಫೋನನ್ನು ಮೆಲ್ಲಗೆ ತೆಗೆದುಕೊಂಡು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಮತ್ತೆ ಜಿಪ್ಪು. ತಂದೆ ಬೇಜಾರೂ ಮಾಡಿಕೊಳ್ಳಲಿಲ್ಲ. ಮೂವರಿಗೂ ಅದು ದಿನದ ಅಭ್ಯಾಸ ಅಂತ ಗೊತ್ತಾಯಿತು.

ತಂದೆಯನ್ನು ಕೇಳಿದೆ, ನಿಮಗೇನನ್ನಿಸುತ್ತೆ? "ಇವಳ ಅಮ್ಮನ್ನೇ ಕೇಳಿ. ಮನೇಲಿ ಎಲ್ಲಾ ಅವರೇ ಅಲ್ವಾ."

ಆಮೇಲೆ ಪುಟ್ಟಿಯ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಅಲ್ಲ, ಮೊದಲು ಚಿತ್ರ ಬರೆದೆವು. ಮಕ್ಕಳ ಹತ್ರ ಎದುರಾಬದುರು ಕೂತು ಪ್ರಶ್ನೆ ಕೇಳಿದರೆ "ಗೊತ್ತಿಲ್ಲ" ಬಿಟ್ಟು ಬೇರೆ ಉತ್ತರ ಸಿಗೋದು ಕಷ್ಟ. ಸ್ಕೂಲಲ್ಲಿ ಯಾರಾದರೂ ಕಾಡುತ್ತಾರಾ, ಟೀಚರ್ ಭಯವಾ, ಪಾಠ ಕಷ್ಟವಾ, ಎಲ್ಲ ವಿಚಾರಿಸಿದೆ. ಏನೂ ಇರಲಿಲ್ಲ. ಮನೆಯ ಚಿತ್ರದಲ್ಲಿ ಅಪ್ಪ ಒಂದು ಕೋಣೆ, ಅಮ್ಮ ಒಂದು ಕೋಣೆ, ತಾನು ನಡುವಿನ ಬಾಗಿಲಲ್ಲಿ. ಇಲ್ಲಿ ನೀನು ಏನ್ ಮಾಡ್ತಿದ್ದೀಯ ಅಂದೆ.

"ಹೇಳ್ತಿದ್ದೀನಿ."

"ಏನು?"

"ಅಮ್ಮ ಹೇಳಿದ್ದನ್ನ ಅಪ್ಪಂಗೆ. ಆದ್ರೆ ಹಾಗೇ ಹೇಳಲ್ಲ ಆಂಟಿ. ಅಮ್ಮ 'ನಿಮ್ಮಪ್ಪಂಗೆ ಫೀಸ್ ಕಟ್ಟೋ ಜ್ಞಾನ ಇದ್ಯಾ ಕೇಳು' ಅಂದ್ರೆ, ನಾನು 'ಅಪ್ಪಾ, ಫೀಸ್ ಕಟ್ಟಿದ್ರಾ' ಅಂತೀನಿ, ಅಷ್ಟೇ."

ಅಪ್ಪನ ಉತ್ತರಕ್ಕೂ ಹೀಗೇ ಉಜ್ಜಿ ನಯ ಮಾಡುವ ಕೆಲಸ ಇತ್ತಂತೆ. ಒಂಬತ್ತು ವರ್ಷದ ಮಗು ದಿನವಿಡೀ ಎರಡು ಕಡೆಯ ಮಾತಿನ ಮುಳ್ಳು ತೆಗೆಯುತ್ತಾ ಕೂತಿದೆ. ಹೊಟ್ಟೆ ನೋಯದೆ ಇನ್ನೇನಾಗುತ್ತೆ?

ಹೊಟ್ಟೆ ನೋವು ಬಂದ ದಿನ ಮನೇಲಿ ಏನಾಗುತ್ತೆ ಅಂತ ಕೇಳಿದೆ. ಜಿಪ್ಪು ನಿಂತಿತು. "ಅವತ್ತು ಅಪ್ಪ ಅಮ್ಮನ ಹತ್ರಾನೇ ಮಾತಾಡ್ತಾರೆ. ಡಾಕ್ಟರ್ ಹತ್ರ ಹೋಗೋಣ್ವಾ ಅಂತ."

ಇದನ್ನು ಅಪ್ಪ ಅಮ್ಮನಿಗೆ ಹೇಳಲಾ ಅಂತ ಅವಳನ್ನೇ ಕೇಳಿದೆ. ಫೀಸಿನ ವಿಷಯ ಬೇಡ, ಉಳಿದದ್ದು ಹೇಳಿ ಅಂದಳು. ಆ ಮಾತು ಉಳಿಸಿಕೊಂಡೆ. ಈಗ ಆರು ತಿಂಗಳಾದ ಮೇಲೆ ಅವಳೇ ಬರೆಯಿರಿ ಅಂದಿದ್ದರಿಂದ ಬರೆದಿದ್ದೇನೆ.

ತಂದೆ ತಾಯಿ ಇಬ್ಬರೂ ಒಂದು ವಿಷಯ ಹೆಮ್ಮೆಯಿಂದ ಹೇಳಿದರು. "ನಾವು ಮಗು ಎದುರಿಗೆ ಯಾವತ್ತೂ ಜಗಳ ಆಡಿಲ್ಲ." ನಿಜ, ಆಡಿರಲಿಲ್ಲ. ಎಂಟು ತಿಂಗಳ ಹಿಂದೆ ತಂದೆ ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲು ತಮ್ಮನಿಗೆ ಕೊಟ್ಟಿದ್ದರು, ಹೆಂಡತಿಗೆ ಹೇಳದೆ. ಅವರಿಗೆ ಅದು ಗೊತ್ತಾದದ್ದು ಬ್ಯಾಂಕ್ ಮೆಸೇಜಿನಿಂದ. ಆ ರಾತ್ರಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತು. ಮರುದಿನದಿಂದ ಮಾತು ಬಂದ್. ಬೇಕಾದ್ದೆಲ್ಲ ಮಗಳ ಮೂಲಕ. ನಾಲ್ಕು ತಿಂಗಳು ಅವಳು ತಡೆದಿದ್ದಾಳೆ. ಆಮೇಲೆ ಹೊಟ್ಟೆನೋವು.

ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಮೂರನೆಯವರನ್ನು ನಡುವೆ ಎಳೆದುಕೊಂಡು ಹಗುರಾಗುವುದಕ್ಕೆ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ 'ತ್ರಿಕೋನ' ಅಂತ ಹೆಸರಿಟ್ಟರು. ಕುಟುಂಬ ಚಿಕಿತ್ಸೆ ಕಲಿಯುವವರೆಲ್ಲ ಓದುವ ವಿಚಾರ ಅದು. ಆ ಮೂರನೆಯವರು ದೊಡ್ಡವರಾದರೆ ಹೇಗೋ ಜಾರಿಕೊಳ್ಳಬಹುದು. ಮಗು ಎಲ್ಲಿಗೆ ಹೋಗಬೇಕು?

ತಂದೆಯ "ನಾಟಕ" ಅನ್ನುವ ಮಾತಿಗೆ ನಾನು ಮೊದಲು ಕೈ ಹಾಕಿದೆ. ನೋವು ನಿಜ. 1958ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಆಪ್ಲಿ ಮತ್ತು ನೋರಾ ನೇಯ್ಶ್ ಅನ್ನುವ ವೈದ್ಯರು 1,000 ಶಾಲಾ ಮಕ್ಕಳನ್ನು ನೋಡಿದಾಗ, ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗೆ ಮತ್ತೆ ಮತ್ತೆ ಬರುವ ಹೊಟ್ಟೆನೋವು ಇತ್ತು. ಬಹಳ ಮಕ್ಕಳಲ್ಲಿ ರೋಗ ಅಂತ ಏನೂ ಸಿಗುವುದಿಲ್ಲ. ಆದರೆ ಕರುಳಿಗೂ ಮೆದುಳಿಗೂ ನರಗಳ ನಂಟಿದೆ. ಮನಸ್ಸು ಬಿಗಿಯಾದರೆ ಕರುಳು ಹಿಂಡುತ್ತೆ. ಪರೀಕ್ಷೆಯ ದಿನ ನಮಗೂ ಆಗುತ್ತಿರಲಿಲ್ವಾ? ತಂದೆಗೆ ಇದು ತಕ್ಷಣ ಅರ್ಥವಾಯಿತು. ಮೀಟಿಂಗ್ ದಿನ ನನಗೂ ಹೀಗೇ ಅಂದರು.

ಒಂದು ಎಚ್ಚರಿಕೆ. ಡಾಕ್ಟರ್ ನೋಡದೆ ಇದನ್ನು ಮನಸ್ಸಿನ ಲೆಕ್ಕಕ್ಕೆ ಹಾಕಬೇಡಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಇದ್ದರೆ, ಜ್ವರ ಅಥವಾ ವಾಂತಿ ಬಿಡದಿದ್ದರೆ, ನೋವಿಗೆ ಮಗು ರಾತ್ರಿ ನಿದ್ದೆಯಿಂದ ಏಳುತ್ತಿದ್ದರೆ, ಹೊಕ್ಕುಳ ಸುತ್ತ ಬಿಟ್ಟು ಬೇರೆ ಒಂದೇ ಕಡೆ ನೋಯುತ್ತಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ನಮ್ಮಂಥವರು. ಪುಟ್ಟಿಗೆ ಇದ್ಯಾವುದೂ ಇರಲಿಲ್ಲ.

ಮಗಳ ವಿಷಯದಲ್ಲಿ ನಾನು ಹೇಳಿದ್ದು ಸ್ವಲ್ಪವೇ. ಬೆಳಿಗ್ಗೆ ಎದ್ದ ಕೂಡಲೆ "ಇವತ್ತು ನೋವಿದ್ಯಾ" ಅಂತ ಕೇಳುವುದು ನಿಲ್ಲಿಸಿ. ಅವಳೇ ಹೇಳಿದರೆ ನಂಬಿ, ಎರಡು ನಿಮಿಷ ಪಕ್ಕದಲ್ಲಿ ಕೂತು, ಆಮೇಲೆ ಸ್ಕೂಲಿಗೆ ಹೊರಡಿಸಿ. ಮನೆಯಲ್ಲಿ ಉಳಿದ ದಿನ ಭಯ ತಟ್ಟನೆ ಇಳಿಯುತ್ತೆ. ಹಾಗಾಗಿ ಮರುದಿನ ಹೊರಡುವುದು ಇನ್ನೂ ಕಷ್ಟ. ಟೀಚರಿಗೆ ಒಂದು ಮಾತು ಹೇಳಿಡಿ, ನೋವಾದರೆ ಹತ್ತು ನಿಮಿಷ ಮಲಗಿ ಮತ್ತೆ ಕ್ಲಾಸಿಗೆ ಬರಲಿ.

ಉಳಿದದ್ದೆಲ್ಲ ದೊಡ್ಡವರ ಕೆಲಸ. ಇಬ್ಬರೂ ಸೇರಿ ಅವಳಿಗೆ ಬಾಯಿಬಿಟ್ಟು ಹೇಳಬೇಕು ಅಂದೆ: "ನಮ್ಮ ಮಾತು ಸಾಗಿಸೋದು ನಿನ್ನ ಕೆಲಸ ಅಲ್ಲ. ಇನ್ಮೇಲೆ ನಾವೇ ಮಾತಾಡ್ಕೋತೀವಿ." ಸುಮ್ನೆ ನಿಲ್ಲಿಸಿದರೆ ಸಾಲದು. ಕಾರಣ ಹೇಳದೆ ಕೆಲಸ ಕಿತ್ತುಕೊಂಡರೆ ತನ್ನಿಂದ ಏನೋ ತಪ್ಪಾಯಿತು ಅಂತಲೇ ಮಕ್ಕಳು ಅಂದುಕೊಳ್ಳುತ್ತಾರೆ. ಬಾಯಿ ತಪ್ಪಿ "ಅಪ್ಪಂಗೆ ಹೇಳು" ಅಂತ ಬಂದರೆ ಅಲ್ಲೇ ತಿದ್ದಿಕೊಳ್ಳಿ: "ಬೇಡ ಬಿಡು, ನಾನೇ ಕೇಳ್ತೀನಿ."

"ಮೆಸೇಜ್ ಮಾಡಬಹುದಾ?" ಅಂತ ತಂದೆ ಕೇಳಿದರು. ತಾಯಿ ಮುಖ ತಿರುಗಿಸಿದರು. ಮಾಡಿ ಅಂದೆ. ಎಂಟು ತಿಂಗಳು ಮಾತಿಲ್ಲದವರಿಗೆ ಬೆರಳಲ್ಲಿ ಟೈಪ್ ಮಾಡುವ ಮಾತೂ ಮಾತೇ. ಮಗುವನ್ನು ದಾಟಿ ನೇರ ಹೋಗಬೇಕು, ಅಷ್ಟೇ ಷರತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ವಾರವೇ, ಮಗಳು ಮಲಗಿದ ಮೇಲೆ ದುಡ್ಡಿನ ವಿಷಯ ಎದುರು ಕೂತು ಮಾತಾಡಿ ಅಂದುಬಿಟ್ಟೆ. ಆತುರ. ಎಂಟು ತಿಂಗಳ ಸಿಟ್ಟು ಒಂದೇ ರಾತ್ರಿ ಹೊರಗೆ ಬಂತು. ತಂದೆ ಹಾಲ್‌ನಲ್ಲಿ ಮಲಗಿದರು. ಪುಟ್ಟಿ ಎರಡು ದಿನ ಸ್ಕೂಲಿಗೆ ಹೋಗಲಿಲ್ಲ. ಮುಂದಿನ ಸಲ ಬಂದಾಗ ತಪ್ಪು ನನ್ನದು ಅಂತ ಒಪ್ಪಿಕೊಂಡೆ. ದುಡ್ಡಿನ ಮಾತು ಇಲ್ಲಿ, ನನ್ನ ಎದುರಿಗೆ ಮಾತ್ರ. ಮನೆಯಲ್ಲಿ ದಿನಾ ಹದಿನೈದು ನಿಮಿಷ ಬರೀ ಮನೆ ವಿಚಾರ: ನಾಳೆ ಯಾರು ಕರೆದುಕೊಂಡು ಬರಬೇಕು, ಯಾವ ಬಿಲ್ ಕಟ್ಟಬೇಕು. ಸಪ್ಪೆ ಮಾತು. ಆ ಸಪ್ಪೆ ಮಾತೇ ಅವರ ನಡುವೆ ಸತ್ತು ಹೋಗಿತ್ತು.

ಸಿಟ್ಟು ಏರಿದರೆ ಏನು ಮಾಡಬೇಕು ಅಂತಲೂ ಹೇಳಿಕೊಟ್ಟೆ. ಗಂಡ ಹೆಂಡಿರ ಜಗಳವನ್ನು ವರ್ಷಗಟ್ಟಲೆ ಗಮನಿಸಿದ ಜಾನ್ ಗಾಟ್‌ಮನ್ ಹೇಳುವ ಮಾತೊಂದಿದೆ. ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಗೆ ಬೀಳುವುದೇ ಇಲ್ಲ. ಕಡಿಮೆ ಅಂದರೂ 20 ನಿಮಿಷ ಬಿಡುವು ಬೇಕು. ಈ ತಂದೆ ಬಿಡುವು ತೆಗೆದುಕೊಳ್ಳುವುದರಲ್ಲಿ ನಿಪುಣರು, ವಾಪಸ್ ಬರುವುದೇ ಇಲ್ಲ. ಎದ್ದು ಹೋಗುವಾಗ "ಒಂಬತ್ತೂವರೆಗೆ ಬರ್ತೀನಿ" ಅಂತ ಹೊತ್ತು ಹೇಳಿ ಹೋಗಿ, ಆ ಹೊತ್ತಿಗೆ ಬನ್ನಿ ಅಂದೆ. ಹೆಂಡತಿ ಮೊದಲ ಸಲ ನಕ್ಕರು.

ಮಗು ಎದುರಿಗೆ ಜಗಳವೇ ಬೇಡ ಅನ್ನುವ ಅವರ ನಿಯಮವನ್ನೂ ಸ್ವಲ್ಪ ಸಡಿಲಿಸಿದೆ. ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಮತ್ತು ಜೊತೆಯವರ ಅಧ್ಯಯನಗಳಲ್ಲಿ ಕಂಡ ಸಂಗತಿ ಇದು. ದೊಡ್ಡವರ ಜಗಳ ನೋಡಿದ ಮಕ್ಕಳು, ಅದು ಬಗೆಹರಿದದ್ದನ್ನೂ ನೋಡಿದರೆ ತುಂಬ ಕಡಿಮೆ ಕಂಗೆಡುತ್ತಾರೆ. ಬೈಗುಳ, ಕೈ ಎತ್ತುವುದು ಬೇರೆ ಮಾತು. ಅದು ಯಾವ ಮಗುವಿನ ಎದುರಿಗೂ, ಯಾರ ಎದುರಿಗೂ ಬೇಡ. ಸಣ್ಣಪುಟ್ಟ ವಾದ ಆಗಲಿ, ಆದರೆ ಅದರ ಕೊನೆಯನ್ನೂ ಅವಳು ನೋಡಲಿ. "ಸರಿ, ನಾಳೆ ನಾನೇ ಬೇಗ ಬರ್ತೀನಿ" ಅನ್ನುವ ಆ ಕೊನೆಯ ಸಾಲು ಅವಳ ಕಿವಿಗೆ ಬೀಳಲಿ.

ಐದನೆಯ ಸಲ ಬಂದಾಗ ಹೊರಗೆ ಜೋರು ಗಾಳಿ. ತಾಯಿ ಅಂದರು, "ರೀ, ಆ ಕಿಟಕಿ ಹಾಕ್ತೀರಾ?" ತಂದೆ ಎದ್ದರು. ಪುಟ್ಟಿ ಅರ್ಧ ಎದ್ದವಳು, ಇಬ್ಬರನ್ನೂ ನೋಡಿ ಹಾಗೇ ಕೂತಳು. ತುದಿಯ ಕುರ್ಚಿಯಲ್ಲಿ ಕೂತಿದ್ದಳು ಅನ್ನುವುದು ನನಗೆ ಆಗ ಕಂಡಿತು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಹೋದ ತಿಂಗಳು ಎರಡು ಸೋಮವಾರ ಬಂತು. ಒಂದು ಸಲ ಸ್ಕೂಲಲ್ಲೇ ಹತ್ತು ನಿಮಿಷ ಮಲಗಿ ಎದ್ದು ಕ್ಲಾಸಿಗೆ ಹೋದಳಂತೆ. ತಮ್ಮನಿಗೆ ಕೊಟ್ಟ ದುಡ್ಡಿನ ಲೆಕ್ಕ ಇನ್ನೂ ಹಾಗೇ ಇದೆ. ಗಂಡ ಕ್ಷಮೆ ಕೇಳಿದ್ದಾರೆ, ಹೆಂಡತಿ ಕೇಳಿಸಿಕೊಂಡಿದ್ದಾರೆ, ಅಷ್ಟಕ್ಕೆ ನಿಂತಿದೆ. ಮುಂದಿನ ಬುಧವಾರ ಆ ವಿಷಯಕ್ಕೇ ಬರುತ್ತಾರೆ. ಅವತ್ತು ಪುಟ್ಟಿಯನ್ನು ಕರೆತರಬೇಡಿ ಅಂದಿದ್ದೇನೆ.